ಬೆಚ್ಚಗಿದೆ ಎಂಬ ಮಾತು

ಮಾರ್ಗಶಿರದ ಎರಡನೆಯ ಮಂಗಳವಾರ ಬೆಳಿಗ್ಗೆ ಏಳನೆಯ ಸಾಲಿನ ಹನ್ನೆರಡನೆಯ ಕುಡಿಕೆಯ ಮೇಲೆ ಕೈಯಿಟ್ಟಾಗ ಅದು ತಣ್ಣಗಿತ್ತು. ನನ್ನ ಕೈಯೇ ತಣ್ಣಗಾಗಿದೆ ಎಂದುಕೊಂಡೆ. ಚಳಿಗಾಲ, ಆಗಷ್ಟೇ ಸ್ನಾನ ಪೂಜೆ ಮುಗಿಸಿ ಬಂದಿದ್ದೆ. ಎರಡೂ ಅಂಗೈ ತಿಕ್ಕಿಕೊಂಡು ಹನ್ನೊಂದನೆಯದನ್ನು ಮುಟ್ಟಿದೆ, ಬೆಚ್ಚಗಿತ್ತು. ಹದಿಮೂರನೆಯದನ್ನು ಮುಟ್ಟಿದೆ, ಅದೂ ಬೆಚ್ಚಗಿತ್ತು. ಮತ್ತೆ ಹನ್ನೆರಡನೆಯದಕ್ಕೆ ಬಂದೆ. ಬಾವಿಕಟ್ಟೆಯ ಕಲ್ಲಿನ ಹಾಗಿತ್ತು. ಅದು ನನ್ನ ತಂಗಿ ಶರಣಮ್ಮನ ಒಬ್ಬನೇ ಮಗ ಪಂಪಾಪತಿಯ ಕುಡಿಕೆ. ಮೂವತ್ತಮೂರು ವರ್ಷದ ಹಿಂದೆ ಅವನ ಜವಳದ ದಿನ, ಸೋದರಮಾವನಾದ ನಾನೇ ಮೊದಲ ಕತ್ತರಿ ಹಾಕಿ, ಆ ಹುಟ್ಟುಗೂದಲನ್ನು ಅದರಲ್ಲಿ ತುಂಬಿ ಬಾಯಿ ಕಟ್ಟಿದ್ದೆ.

ನಮ್ಮೂರಿನಲ್ಲಿ ಕುಡಿಕೆ ತಣ್ಣಗಾದರೆ ಗಂಟೆ ಹೊಡೆಯುವುದಿಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸುವುದಿಲ್ಲ. ಕುಡಿಕೆಮನೆಯ ಸೇವೆ ಮಾಡುವವನು ಅದನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿಕೊಂಡು ಬರಿಗಾಲಿನಲ್ಲಿ ಆ ಮನೆಗೆ ನಡೆದು ಹೋಗುತ್ತಾನೆ. ಅವನು ಬೀದಿಗಿಳಿದದ್ದು ಕಂಡರೆ ಹಾಲು ಕರೆಯುವವರ ಕೈ ನಿಲ್ಲುತ್ತದೆ, ಅಂಗಳಕ್ಕೆ ನೀರು ಹಾಕುವವರ ಚೊಂಬು ನಿಲ್ಲುತ್ತದೆ. ಅವನು ತಮ್ಮ ಬಾಗಿಲು ದಾಟುವವರೆಗೆ ಯಾರೂ ಉಸಿರು ಬಿಡುವುದಿಲ್ಲ. ದಾಟಿದ ಮೇಲೆ ಉಸಿರು ಬಿಟ್ಟದ್ದಕ್ಕೆ ತಾವೇ ನಾಚಿ ತಲೆ ತಗ್ಗಿಸುತ್ತಾರೆ. ಶಾಲೆಯಲ್ಲಿ ಮೇಷ್ಟ್ರಾಗಿದ್ದ ಕಾಲದಿಂದ ನಿವೃತ್ತನಾಗಿರುವ ಈವರೆಗೆ ಇಪ್ಪತ್ತೆರಡು ವರ್ಷ ನಾನು ಹಾಗೆ ನಡೆದಿದ್ದೇನೆ. ಎಂದೂ ಸುತ್ತು ದಾರಿ ಹಿಡಿದವನಲ್ಲ. ಅಂದು ಮಾತ್ರ ಕುಂಬಾರ ಬೀದಿಯಿಂದ ಹೋಗಿ, ಕೆರೆ ಏರಿಯ ಮೇಲೆ ಹಾದು, ಎರಡು ಸಲ ನಿಂತು ನಡೆದೆ. ನನ್ನ ತಂಗಿ ಇನ್ನೂ ಒಂದಿಷ್ಟು ಹೊತ್ತು ಮಗನಿರುವ ತಾಯಿಯಾಗಿರಲಿ ಎಂಬ ಆಸೆ.

ಶರಣಮ್ಮ ಜಗಲಿಯ ಮೇಲೆ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ಕಂಡು, ಎಲ್ಲರೂ ಮಾಡುವ ಹಾಗೆ, ಎದ್ದು ನಿಂತು ಸೆರಗು ಹೊದ್ದುಕೊಂಡಳು.

"ಯಾರ ಮನೆಗೆ ಹೊರಟೆ ಅಣ್ಣಾ?" ಎಂದಳು.

ಪಕ್ಕದ ಮನೆಯ ಮುದುಕರು ಹಾಸಿಗೆ ಹಿಡಿದು ತಿಂಗಳಾಗಿತ್ತು. ಅವಳ ಕಣ್ಣು ಆ ಕಡೆ ಹೋಯಿತು. ನಾನು ಜಗಲಿಯ ಮೆಟ್ಟಿಲು ಹತ್ತಿದೆ.

"ಇಲ್ಲಲ್ಲ ಅಣ್ಣಾ, ಅವರದು ಆಚೆ ಬಾಗಿಲು" ಎಂದಳು.

ಪಂಪಾಪತಿ ಭಾನುವಾರ ಬೆಳಗಿನ ಬಸ್ಸಿಗೆ ಹೊರಟಿದ್ದ. ಅವನ ಕಸುಬು ಹಾರ್ಮೋನಿಯಂ ರಿಪೇರಿ ಮಾಡುವುದು, ಶ್ರುತಿ ಸರಿಮಾಡುವುದು. ಸುತ್ತಿನ ಭಜನಾ ಮಂಡಳಿಗಳ ಪೆಟ್ಟಿಗೆಗಳೆಲ್ಲ ಅವನ ಮನೆಗೇ ಬರುತ್ತಿದ್ದವು. ದೊಡ್ಡ ಪೇಟೆಯಿಂದ ರೀಡು ತರುತ್ತೇನೆ ಎಂದು ಹೇಳಿ ಹೋದವನು ಅಲ್ಲೇ ಒಂದು ವಸತಿಗೃಹದಲ್ಲಿ ತನ್ನ ಕೈಯಾರೆ ಜೀವ ಕಳೆದುಕೊಂಡಿದ್ದ. ಪೊಲೀಸರ ಫೋನು ಬಂದದ್ದು ಆ ಮಂಗಳವಾರದ ಸಂಜೆಗೆ. ಹೇಗೆ ಎಂಬುದನ್ನು ನಾನು ಬರೆಯುವುದಿಲ್ಲ. ಅವನ ಚೀಲದಲ್ಲಿ ಕೊಂಡುತಂದ ರೀಡುಗಳು, ಸ್ವರ ಹೊರಡಿಸುವ ಹಿತ್ತಾಳೆಯ ಪಟ್ಟಿಗಳು, ಇದ್ದವು. ಅವುಗಳನ್ನು ಕಾಗದದಲ್ಲಿ ಸುತ್ತಿ, ಯಾರ ಪೆಟ್ಟಿಗೆಗೆ ಯಾವುದು ಎಂದು ಹೆಸರು ಬರೆದಿಟ್ಟಿದ್ದ. ಬುಧವಾರ ಅವನನ್ನು ಅವನ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಇದನ್ನು ಬರೆಯುವಾಗ ಹನ್ನೊಂದು ದಿನ ಕಳೆದಿವೆ. ಕೂತಲ್ಲಿ ಕೂರಲಾರೆ. ಒಂದು ಸಾಲು ಬರೆಯುತ್ತೇನೆ, ಎದ್ದು ಅಂಗಳಕ್ಕೆ ಹೋಗುತ್ತೇನೆ, ಯಾಕೆ ಬಂದೆನೆಂದು ಮರೆತು ಒಳಗೆ ಬರುತ್ತೇನೆ. ಪೂಜೆಗೆ ಇಷ್ಟಲಿಂಗ ಹಿಡಿದು ಕೂತರೂ ಅಂಗೈಗೆ ಆ ತಣ್ಣಗಿನ ಮಣ್ಣೇ ತಾಗುತ್ತದೆ. ನೆಟ್ಟಗೆ ಹೇಳಿ ಮುಗಿಸಿದರೆ ಕೈಕಾಲು ಒಂದು ಕಡೆ ನಿಂತಾವು ಎಂದು ಹೇಳುತ್ತಿದ್ದೇನೆ.

ಕುಡಿಕೆಮನೆ ಈಶ್ವರನ ಗುಡಿಯ ಎಡಗಡೆ ಇದೆ. ಗೂಡುಗೂಡಾದ ಕಲ್ಲಿನ ಗೋಡೆ, ಸಾಲಿಗೆ ನಲವತ್ತು ಕುಡಿಕೆ, ಊರಲ್ಲಿ ಹುಟ್ಟಿದ ಒಬ್ಬೊಬ್ಬರಿಗೂ ಒಂದು. ಒಳಗೆ ಸೇವೆಯವನ ಹೊರತು ಯಾರೂ ಬರುವ ಹಾಗಿಲ್ಲ. ದಿನ ಬೆಳಗಾದರೆ ನಾನು ಎಲ್ಲವನ್ನೂ ಮುಟ್ಟಬೇಕು. ಜ್ವರ ಬಂದವನದು ಸುಡುತ್ತದೆ. ಹೊಸದಾಗಿ ಮದುವೆಯಾದವರದು ಬಿಸಿ ರೊಟ್ಟಿಯ ಹಾಗಿರುತ್ತದೆ. ಮುದುಕರದು ಆರಿದ ಒಲೆಯ ಬೂದಿಯ ಹಾಗೆ ಹದವಾಗಿರುತ್ತದೆ. ಜನ ಹೊಸಿಲಾಚೆ ನಿಂತು ತಮ್ಮವರ ಕುಡಿಕೆ ಹೇಗಿದೆ ಎಂದು ಕೇಳುತ್ತಾರೆ. ಮಗನೊಡನೆ ಮಾತು ಬಿಟ್ಟ ಒಬ್ಬ ಯಜಮಾನರು ದಿನಾ ಬಂದು ಊರಿನ ಸುದ್ದಿಯೆಲ್ಲ ಆಡಿ, ಹೊರಡುವಾಗ ಮರೆತವರ ಹಾಗೆ ಕೇಳುತ್ತಾರೆ. ಗಂಡ ಓಡಿಹೋಗಿ ಹದಿನಾಲ್ಕು ವರ್ಷವಾದ ಒಬ್ಬಾಕೆ ಯುಗಾದಿಗೊಮ್ಮೆ ಬರುತ್ತಾಳೆ. ಬೆಚ್ಚಗಿದೆ ಎಂದರೆ, "ಇರ್ಲಿ ಮೇಷ್ಟ್ರೇ, ಬೆಚ್ಚಗೇ ಇರ್ಲಿ. ಬಂದಾಗ ನಾನು ಬಿಸಿ ಮಾಡ್ತೀನಿ" ಎಂದು ನಕ್ಕು ಹೋಗುತ್ತಾಳೆ.

ಯಾರು ಕೇಳಿದರೂ ನಾನು ಹೇಳಬೇಕಾದದ್ದು ಒಂದೇ ಮಾತು, ಬೆಚ್ಚಗಿದೆ. ಸುಡುತ್ತಿದ್ದರೂ ಅದೇ, ಆರುತ್ತಿದ್ದರೂ ಅದೇ. ನನಗಿಂತ ಎಷ್ಟೋ ಹಿಂದಿನ ಸೇವೆಯವನೊಬ್ಬ, ದೂರದಲ್ಲಿದ್ದ ಮಗನ ಕುಡಿಕೆಯ ಬಿಸಿ ಯಾಕೋ ಕಡಿಮೆಯಾಗಿದೆ ಎಂದು ತಾಯಿಗೆ ಹೇಳಿದನಂತೆ. ಆಕೆ ಉಟ್ಟ ಬಟ್ಟೆಯಲ್ಲೇ ಹೊರಟು ಹಳ್ಳದ ಪ್ರವಾಹಕ್ಕೆ ಸಿಕ್ಕಿ ಸತ್ತಳಂತೆ, ಮಗ ಚೆನ್ನಾಗಿಯೇ ಇದ್ದನಂತೆ. ಅಂದಿನಿಂದ ಈ ಕಟ್ಟಳೆ. ಸೇವೆ ಹಿಡಿದ ದಿನ ನಾನು ಗುರುವಿನ ಪಾದ ಮುಟ್ಟಿ ಇದನ್ನು ಒಪ್ಪಿಕೊಂಡೆ. ಇಪ್ಪತ್ತೆರಡು ವರ್ಷ ಒಮ್ಮೆಯೂ ತಪ್ಪಲಿಲ್ಲ. ಅದರ ಬಗ್ಗೆ ನನ್ನೊಳಗೆ ಒಂದು ಹೆಮ್ಮೆಯೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಪಂಪಾಪತಿಗೆ ಇಪ್ಪತ್ತೆಂಟಕ್ಕೇ ನೆತ್ತಿಯ ಕೂದಲು ಉದುರತೊಡಗಿತು. ಬೇರೆ ಊರಾಗಿದ್ದರೆ ಅದೊಂದು ದೊಡ್ಡ ಮಾತಾಗುತ್ತಿರಲಿಲ್ಲ. ನಮ್ಮಲ್ಲಿ ನಿಶ್ಚಯದ ದಿನ ಎಣ್ಣೆಶಾಸ್ತ್ರ ಎಂದು ಮಾಡುತ್ತಾರೆ. ಹೆಣ್ಣಿನ ಕಡೆಯ ಹಿರಿಯ ಮುತ್ತೈದೆ ಒಂದು ಬೊಗಸೆ ಕೊಬ್ಬರಿ ಎಣ್ಣೆಯನ್ನು ಗಂಡಿನ ನೆತ್ತಿಯ ಮೇಲೆ ಹಾಕುತ್ತಾಳೆ, ಕೂದಲು ಅದನ್ನು ಹೀರಿಕೊಳ್ಳಬೇಕು. ಮೊದಲ ಸಂಬಂಧದಲ್ಲಿ ಇವನ ನೆತ್ತಿಯ ಎಣ್ಣೆ ಹಣೆಯ ಮೇಲೆ ಇಳಿದು, ಮೂಗಿನ ತುದಿಗೆ ಬಂದು, ಹೊಸ ಅಂಗಿಯ ಮೇಲೆ ತೊಟ್ಟಿಕ್ಕಿತು. ಯಾವುದೋ ಹುಡುಗಿ ಕಿಸಕ್ಕನೆ ನಕ್ಕಳು. ಮುತ್ತೈದೆಯರೂ ನಕ್ಕರು. ಅವನೂ ನಕ್ಕ. ನಾಲ್ಕು ದಿನದ ಮೇಲೆ ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದರು. ಅವತ್ತಿನ ಅಂಗಿಯನ್ನು ಅವನು ಮತ್ತೆ ತೊಡಲಿಲ್ಲ.

ಆಮೇಲೆ ಪೇಟೆಯಲ್ಲಿ ಒಬ್ಬ ಡಾಕ್ಟರು ಬರೆದುಕೊಟ್ಟ ಕೂದಲಿನ ಮಾತ್ರೆ ಶುರುಮಾಡಿದ. ದಿನಕ್ಕೊಂದು, ಕಡಲೆಬೇಳೆಗಿಂತ ಚಿಕ್ಕದು. ಆರು ತಿಂಗಳಲ್ಲಿ ಕೂದಲು ಬಂತು. ವರ್ಷ ತುಂಬುವ ಹೊತ್ತಿಗೆ ದಾಕ್ಷಾಯಿಣಿ ಎಂಬ ಹುಡುಗಿಯ ಸಂಬಂಧ ಬಂದು, ಅವಳ ಕಡೆಯ ಅಜ್ಜಿ ಎಣ್ಣೆ ಹಾಕಿದರೆ ಒಂದು ತೊಟ್ಟೂ ಇಳಿಯಲಿಲ್ಲ. ಅಜ್ಜಿ ಅವನ ಕೂದಲನ್ನು ಹಿಡಿದು ಜಗ್ಗಿ, "ಇದು ಕಣಪ್ಪ ತಲೆ ಅಂದ್ರೆ" ಎಂದರು. ಎಲ್ಲರೂ ನಕ್ಕೆವು. ಹುಡುಗಿ ತಿಳುವಳಿಕೆಯವಳು, ಅಂಗನವಾಡಿಯಲ್ಲಿ ಕೆಲಸ. ಮದುವೆ ಚೆನ್ನಾಗಿ ಆಯಿತು.

ಗಂಡಹೆಂಡಿರ ನಡುವಿನ ಮಾತನ್ನು ಬರೆಯುವ ವಯಸ್ಸು ನನ್ನದಲ್ಲ. ಆದರೆ ಅದನ್ನು ಬಿಟ್ಟರೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಮದುವೆಯಾಗಿ ಸ್ವಲ್ಪ ದಿನಕ್ಕೇ ಅವನಿಗೆ ತನ್ನ ಮೈ ತನ್ನದಲ್ಲ ಅನ್ನಿಸತೊಡಗಿತು. ಆಸೆ ಹೋಯಿತು. ಆಮೇಲೆ ನಿದ್ದೆ ಹೋಯಿತು, ಹಸಿವು ಹೋಯಿತು. ಮಾತ್ರೆಯ ಮೇಲೆ ಸಂಶಯ ಬಂದು ಬಿಟ್ಟುಬಿಟ್ಟ. ಬಿಟ್ಟರೆ ಒಂದೆರಡು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಬರೆದುಕೊಟ್ಟವರು ಹೇಳಿದ್ದರು. ತಿಂಗಳುಗಳು ಹೋದವು, ವರ್ಷಗಳು ಹೋದವು, ಹೊಸ ಕೂದಲೂ ಉದುರಿಹೋಯಿತು. ಸರಿಯಾಗಲಿಲ್ಲ. ಒಂದು ದಿನ ನಮ್ಮ ಭಜನೆಯ ಪೆಟ್ಟಿಗೆಯ ಶ್ರುತಿ ನೋಡುತ್ತಿದ್ದವನು ಕೈ ನಿಲ್ಲಿಸಿ, "ಸ್ವರ ಸರಿಯಾಗಿದೆ ಅಂತ ಗೊತ್ತಾಗುತ್ತೆ ಮಾವ. ಹಿತ ಆಗಲ್ಲ" ಎಂದ. ನಾನು, ದೇವರ ಧ್ಯಾನ ಮಾಡು, ಮನಸ್ಸು ತಿಳಿಯಾಗುತ್ತದೆ ಎಂದೆ. ಅವನು ತಿದಿಯೊತ್ತಿ ಮುಂದಿನ ಸ್ವರಕ್ಕೆ ಹೋದ.

ಅವನು ಅಲೆದ ಆಸ್ಪತ್ರೆಗಳಿಗೆ ಲೆಕ್ಕವಿಲ್ಲ. ರಕ್ತ ಸರಿಯಿದೆ, ಉಳಿದದ್ದೂ ಸರಿಯಿದೆ, ಮನಸ್ಸಿಗೆ ಹಚ್ಚಿಕೊಂಡಿದ್ದೀಯ ಎಂದು ಎಲ್ಲರದೂ ಒಂದೇ ತೀರ್ಪು. ಶರಣಮ್ಮ ಸೋಮವಾರ ಒಪ್ಪತ್ತು ಹಿಡಿದಳು. ಊರಿನವರು ತಮ್ಮ ಪಾಲಿನದನ್ನು ಹೇಳಿದರು. ಚಹಾ ಅಂಗಡಿಯಲ್ಲಿ ಯಾರೋ, "ತಲೆ ಮೇಲೆ ಪೈರು ತೆಗೆಯೋಕೆ ಹೋಗಿ ಹೊಲ ಬೀಳು ಬಿಟ್ಟ" ಎಂದರಂತೆ. ಅವನು ಅದನ್ನು ಕೇಳಿಸಿಕೊಂಡು, ಚಹಾ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಬಂದನಂತೆ.

ಆ ಹೊತ್ತಿನಲ್ಲೇ ಅವನಿಗೆ ಡಾಕ್ಟರ್ ಫಿಲೋಮಿನಾ ಎಂಬವರ ವಿಷಯ ತಿಳಿಯಿತು. ಘಟ್ಟದಾಚೆಯ ಒಂದು ವಿಶ್ವವಿದ್ಯಾಲಯದಲ್ಲಿ ವಂಶವಾಹಿಗಳ ಸಂಶೋಧನೆ ಮಾಡುವವರು. ಅದೇ ಮಾತ್ರೆ ನುಂಗಿ, ಬಿಟ್ಟ ಮೇಲೂ ಇವನ ಹಾಗೇ ಆದವರನ್ನು ಹುಡುಕಿ, ಅವರ ರಕ್ತ, ಕೂದಲು, ಚರ್ಮದ ಚೂರು ತೆಗೆದು ನೋಡುತ್ತಿದ್ದರು. ಎರಡು ಸಲ ಹೋಗಿಬಂದ. ಬಂದಾಗ ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ ಇತ್ತು. ಅಲ್ಲಿ ತನ್ನಂತೆಯೇ ಇರುವ ಇಪ್ಪತ್ತಾರು ಜನರನ್ನು ಕಂಡೆ ಎಂದ. ಏನು ಹುಡುಕುತ್ತಾರೆ ಎಂದು ನಾನು ಕೇಳಿದ್ದಕ್ಕೆ ಬಿಚ್ಚಿಟ್ಟಿದ್ದ ಹಾರ್ಮೋನಿಯಂ ತೋರಿಸಿದ.

"ರೀಡೆಲ್ಲ ಇದಾವೆ ಮಾವ, ಒಂದೂ ಮುರಿದಿಲ್ಲ. ಆದ್ರೆ ಯಾವುದಕ್ಕೆ ಗಾಳಿ ಹೋಗ್ಬೇಕು, ಯಾವುದಕ್ಕೆ ಹೋಗ್ಬಾರ್ದು ಅನ್ನೋ ಏರ್ಪಾಡು ಕೆಟ್ಟಿದೆಯೋ ಏನೋ ಅಂತ ನೋಡ್ತಿದಾರೆ. ಮಾತ್ರೆಯಿಂದಲೇ ಕೆಟ್ಟಿತಾ, ನಾನು ಹುಟ್ಟಿದ್ದೇ ಹಾಗಾ ಅಂತ ಗೊತ್ತಾಗ್ಬೇಕಾದ್ರೆ ಮಾತ್ರೆಗೆ ಮುಂಚಿನ ನಾನು ಬೇಕು. ಆ ಇಪ್ಪತ್ತಾರು ಜನದಲ್ಲಿ ಯಾರ ಹತ್ರನೂ ಅದಿಲ್ಲ. ನನ್ನದು ಇದೆ. ನಿಮ್ಮ ಹತ್ರ ಇದೆ."

ಅವನು ಕೇಳಿದ್ದು ತನ್ನ ಕುಡಿಕೆಯ ಒಂದು ಎಳೆ ಕೂದಲು. ನಾನು ಆಗುವುದಿಲ್ಲವೆಂದೆ. ಜೀವ ಇರುವವರ ಕುಡಿಕೆಯ ಬಾಯಿ ಬಿಚ್ಚಿದವರು ನಮ್ಮಲ್ಲಿಲ್ಲ, ಬಿಚ್ಚಿದರೆ ಆಯುಷ್ಯ ಸೋರಿಹೋಗುತ್ತದೆ ಎಂಬುದು ನಮ್ಮ ನಂಬಿಕೆ. ಬಿಚ್ಚಿ ನಿನ್ನನ್ನು ಕಳೆದುಕೊಳ್ಳಲೇ ಎಂದು ಗದರಿದೆ. ಅವನು ವಾದ ಮಾಡಲಿಲ್ಲ. ಕುಡಿಕೆಮನೆಯ ಹೊಸಿಲಾಚೆ ನಿಂತಿದ್ದ. ಕಾರ್ತಿಕದ ಬಿಸಿಲು ಅವನ ಬೋಳು ನೆತ್ತಿಯ ಮೇಲೆ ಬೀಳುತ್ತಿತ್ತು.

"ಹೋಗ್ಲಿ ಮಾವ, ಕೊಡ್ಬೇಡಿ. ನೀವು ದಿನಾ ಮುಟ್ತೀರಲ್ಲ. ಒಂದೇ ಒಂದು ಮಾತು ಹೇಳಿ. ನನ್ನ ಕುಡಿಕೆ ಹೇಗಿದೆ?"

ನನಗೆ ಗೊತ್ತಿತ್ತು. ಐದು ವರ್ಷದ ಹಿಂದೆ ಅವನ ಮದುವೆಯಾದ ಶ್ರಾವಣದಲ್ಲೇ ನನ್ನ ಕೈಗೆ ತಿಳಿದಿತ್ತು. ಹೊಸ ಮದುವಣಿಗನ ಕುಡಿಕೆ ಬಿಸಿಯಾಗಿರಬೇಕಾದ ಹೊತ್ತಿನಲ್ಲಿ ಅವನದು ಆರತೊಡಗಿ, ದೀಪಾವಳಿಯ ಹೊತ್ತಿಗೆ ತೊಂಬತ್ತರ ಮುದುಕನ ಕುಡಿಕೆಯ ಹಾಗಾಗಿತ್ತು. ಆಮೇಲೆ ಏಳಲೇ ಇಲ್ಲ. ದಿನಾ ಬೆಳಿಗ್ಗೆ ನಾನು ಅದರ ಮೇಲೆ ಉಳಿದವುಗಳಿಗಿಂತ ಒಂದು ಕ್ಷಣ ಹೆಚ್ಚು ಕೈಯಿಟ್ಟು, ಒಳಗೊಳಗೇ ಮಂತ್ರ ಹೇಳಿ, ಮುಂದಿನದಕ್ಕೆ ಹೋಗುತ್ತಿದ್ದೆ.

"ಬೆಚ್ಚಗಿದೆ" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಸರಿ ಮಾವ" ಎಂದು ಮೆಟ್ಟು ಮೆಟ್ಟಿಕೊಂಡು ಹೋದ. ಇದಾಗಿ ಹದಿನೇಳನೆಯ ದಿನಕ್ಕೆ ನಾನು ಅವನ ಕುಡಿಕೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೀದಿಗಿಳಿದೆ.

ಮಣ್ಣು ಮಾಡಿ ಬಂದ ಬುಧವಾರದ ಸಂಜೆ ದಾಕ್ಷಾಯಿಣಿ ನನ್ನ ಎದುರು ಬಂದು ಕೂತಳು. ಅಳುತ್ತಿರಲಿಲ್ಲ. ಶರಣಮ್ಮ ಗೋಡೆಗೊರಗಿದ್ದಳು. ಕಾರ್ತಿಕದಲ್ಲಿ ಒಂದು ದಿನ ಇವರು ನಿಮ್ಮಲ್ಲಿಗೆ ಬಂದಿದ್ದರಲ್ಲವೇ ಎಂದು ಅವಳು ಕೇಳಿದಳು. ಹೌದೆಂದೆ.

"ಅವತ್ತು ಮನೆಗೆ ಬಂದು ನಗ್ತಾ ಇದ್ರು ಮಾವ. ಡಾಕ್ಟ್ರು ಯಂತ್ರ ಇಟ್ಟು ನೋಡ್ತಾರೆ, ಅದು ತಪ್ಪಬಹುದು. ಮಾವನ ಕೈ ತಪ್ಪಲ್ಲ. ಬೆಚ್ಚಗಿದೆಯಂತೆ ಕಣೆ, ಹಾಗಾದ್ರೆ ನನಗೇನೂ ಆಗಿಲ್ಲ, ಎಲ್ಲ ನನ್ನ ತಲೆಯೊಳಗಿನ ಹುಚ್ಚು ಅಂದ್ರು. ಆಮೇಲೆ ಒಂದು ದಿನಾನೂ ಅದರ ಮಾತೆತ್ತಲಿಲ್ಲ." ಅವಳು ನನ್ನ ಅಂಗೈ ನೋಡಿದಳು. "ನಿಜ ಹೇಳಿ. ಬೆಚ್ಚಗಿತ್ತಾ?"

ಇಲ್ಲವೆಂದೆ. ಎಷ್ಟು ದಿನದಿಂದ ಎಂದಳು. ಐದು ವರ್ಷದಿಂದ ಎಂದೆ. ಅವಳು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಒಳಗೆ ಹೋಗಿ, ಅವನ ಕೆಲಸದ ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಹಾರ್ಮೋನಿಯಂನ ಒಂದೇ ಸ್ವರ ಒತ್ತಿದ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಶರಣಮ್ಮ ನನ್ನ ಕಡೆ ನೋಡಲೇ ಇಲ್ಲ.

ತಣ್ಣಗಾದ ಕುಡಿಕೆಯ ಕೂದಲನ್ನು ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಹೊಳೆಗೆ ಬಿಡಬೇಕು. ಒಂದು ಎಳೆ ಉಳಿದರೂ ಹೋದವರು ದಾರಿ ಕಾಣದೆ ನಿಲ್ಲುತ್ತಾರೆ ಎಂಬ ನಂಬಿಕೆ. ಗುರುವಾರ ಬೆಳಗಿನ ಬಸ್ಸಿನಲ್ಲಿ ಡಾಕ್ಟರ್ ಫಿಲೋಮಿನಾ ಬಂದರು. ದಾಕ್ಷಾಯಿಣಿ ಫೋನು ಮಾಡಿದ್ದಳಂತೆ. ಐವತ್ತರ ಆಸುಪಾಸಿನ ಹೆಂಗಸು, ಕತ್ತಿನಲ್ಲಿ ಸಣ್ಣದೊಂದು ಶಿಲುಬೆ. ಬಂದವರೇ ಪಂಪಾಪತಿಯ ಫೋಟೋದ ಮುಂದೆ ಕಣ್ಣು ಮುಚ್ಚಿ ನಿಂತರು. ಆಮೇಲೆ ಕೂದಲಿನ ಮಾತೆತ್ತದೆ ಸುಮ್ಮನೆ ಕೂತರು. ಕೇಳುವುದಕ್ಕೆ ಬಂದು ಕೇಳಲಾರದೆ ಕೂತವರನ್ನು ನಾನು ಹೊಸಿಲಾಚೆ ಬಹಳ ನೋಡಿದ್ದೇನೆ. ನಾನೇ ಶುರುಮಾಡಿದೆ. ಮಾತ್ರೆಯಿಂದಲೇ ಆಯಿತೇ ಎಂದು ಕೇಳಿದೆ.

ಅವರು, ಹಾಗೆಂದು ಹೇಳಲಾರೆ ಎಂದರು. ಎಷ್ಟೋ ಜನ ಅದನ್ನು ನುಂಗುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ಕೆಲವರು ಮಾತ್ರ ಹೀಗೆ ಬಂದು ನಿಲ್ಲುತ್ತಾರೆ. ಅವರ ಮೈಯಲ್ಲಿ ಏನು ಬೇರೆ ಎಂದು ಏಳು ವರ್ಷದಿಂದ ಹುಡುಕುತ್ತಿದ್ದೇನೆ, ಸುಳಿವು ಸಿಕ್ಕಿದೆ, ಉತ್ತರ ಸಿಕ್ಕಿಲ್ಲ ಎಂದರು. ಹುಟ್ಟುಗೂದಲು ಸಿಕ್ಕರೂ ಉತ್ತರ ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಲಾರೆ ಎಂದರು. ಅವರು ಮಾತು ಕೊಡದೆ ಇದ್ದದ್ದರಿಂದಲೇ ನನಗೆ ಅವರಲ್ಲಿ ನಂಬಿಕೆ ಹುಟ್ಟಿತು.

ನಾನು ತಂಗಿಯ ಕಡೆ ತಿರುಗಿದೆ. ಇದು ನನ್ನೊಬ್ಬನ ಮಾತಲ್ಲ. ಕೂದಲು ಕೊಟ್ಟರೆ ಅವಳ ಮಗನ ಆತ್ಮ ದಾರಿಯಲ್ಲೇ ನಿಂತೀತು, ಕೊಡದಿದ್ದರೆ ಅವನು ಸುಳ್ಳುಗಾರನಾಗಿಯೇ ಉಳಿದಾನು. ಅವಳ ಬಾಯನ್ನೇ ನೋಡಿದೆ. ಮಂಗಳವಾರದಿಂದ ಅವಳು ನನ್ನೊಡನೆ ಆಡಿದ ಮೊದಲ ಮಾತು ಇದು.

"ಬದುಕಿದ್ದಾಗ ಅವನೇ ಬಂದು ಒಂದು ಎಳೆ ಕೇಳಿದ. ಕೊಡಲಿಲ್ಲ ನೀನು. ಈಗ ಎಲ್ಲಾನೂ ನೀರಿಗೆ ಕೊಡ್ತೀಯಾ ಅಣ್ಣಾ? ನೀರು ಏನು ಓದುತ್ತೆ?"

ಅವನ ಜವಳದ ಕತ್ತರಿ ಅವಳ ಪೆಟ್ಟಿಗೆಯಲ್ಲೇ ಇತ್ತು. ತಂದು ನನ್ನ ಕೈಗೆ ಕೊಟ್ಟಳು. ಕುಡಿಕೆಯ ಬಾಯಿ ಬಿಚ್ಚಿದೆ. ಒಳಗೆ ಕಂದುಬಣ್ಣದ ಗುಂಗುರು ಕೂದಲು, ನಿನ್ನೆ ಕತ್ತರಿಸಿದ ಹಾಗಿತ್ತು, ಹರಳೆಣ್ಣೆಯ ವಾಸನೆ ಕೂಡ ಹೋಗಿರಲಿಲ್ಲ. ಅವತ್ತು ನನ್ನ ತೊಡೆಯ ಮೇಲೆ ಕೂತು ಕತ್ತರಿಯ ಸದ್ದಿಗೆ ಕಿಲಕಿಲ ನಗುತ್ತಿದ್ದ. ಒಂದು ಬೆರಳಿನ ಗಾತ್ರ ಬೇರೆ ಮಾಡಿ ಡಾಕ್ಟರರ ಕಾಗದದ ಮೇಲಿಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಡಿಸಿ ಚೀಲದಲ್ಲಿಟ್ಟುಕೊಂಡರು.

ಆಮೇಲೆ ಅವರು, ಕುಡಿಕೆ ಯಾವಾಗ ಆರತೊಡಗಿತು ಎಂದು ಕೇಳಿದರು. ನಾನು ಶ್ರಾವಣದಿಂದ ಹಿಡಿದು ತಿಂಗಳು ತಿಂಗಳಿನದನ್ನೂ ಹೇಳಿದೆ. ಮಾತ್ರೆ ಬಿಟ್ಟದ್ದು ಯಾವಾಗ ಎಂದು ದಾಕ್ಷಾಯಿಣಿ ಹೇಳಿದಳು. ಅವರು ಎಲ್ಲವನ್ನೂ ಬರೆದುಕೊಂಡು, ಪೆನ್ನು ಮುಚ್ಚಿ, ಹೊರಡುವುದಕ್ಕೆ ಎದ್ದು, ಮತ್ತೆ ಕೂತು, "ಇನ್ನೂ ಯಾರದಾದರೂ ಹೀಗೆ ಇದೆಯೇ ಅಯ್ಯನವರೇ?" ಎಂದರು.

ನಾನು ಕುಡಿಕೆಯ ಬಾಯಿ ಮತ್ತೆ ಕಟ್ಟತೊಡಗಿದೆ. ಅವರು ಒತ್ತಾಯಿಸಲಿಲ್ಲ. ತಮ್ಮ ವಿಳಾಸದ ಚೀಟಿಯನ್ನು ನನ್ನ ಮುಂದಿಟ್ಟು ಹೋದರು. ಸಂಜೆ ಉಳಿದ ಕೂದಲನ್ನು ಹೊಳೆಗೆ ಬಿಟ್ಟೆವು. ಅದು ಮುಳುಗದೆ ಸ್ವಲ್ಪ ದೂರ ತೇಲಿ ಕಲ್ಲಿನ ಸಂದಿಗೆ ಸಿಕ್ಕಿತು. ಶರಣಮ್ಮ ಮೊಣಕಾಲುದ್ದ ನೀರಿಗಿಳಿದು, ಮಗುವನ್ನು ಮುಂದಕ್ಕೆ ನಡೆಸುವ ಹಾಗೆ ಅದನ್ನು ಬಿಡಿಸಿ ಕಳಿಸಿದಳು.

ಇನ್ನೂ ಒಬ್ಬನದು ಇತ್ತು. ಎರಡನೆಯ ಸಾಲಿನ ಕೊನೆಯದು, ತಿಪ್ಪೇಶನ ಕುಡಿಕೆ. ನನ್ನ ಕೈಯಲ್ಲೇ ಅಕ್ಷರ ಕಲಿತವನು, ಈಗ ಪೇಟೆಬೀದಿಯಲ್ಲಿ ಟೈಲರ್ ಅಂಗಡಿ. ಕಳೆದ ವರ್ಷದವರೆಗೆ ನೆತ್ತಿಯ ಮೇಲೆ ಟೋಪಿ ಹಾಕಿ ತಿರುಗುತ್ತಿದ್ದವನು ಈಗ ಕ್ರಾಪು ತೀಡಿಕೊಂಡು ಕೂರುತ್ತಿದ್ದ. ಮಾಘದಲ್ಲಿ ಎಣ್ಣೆಶಾಸ್ತ್ರ ಗೊತ್ತಾಗಿತ್ತು. ಅವನ ಕುಡಿಕೆ ನವರಾತ್ರಿಯಿಂದ ಆರುತ್ತ ಬಂದಿತ್ತು. ಶುಕ್ರವಾರ ಮುಟ್ಟಿದೆ. ಶನಿವಾರ ಮೂರು ಸಲ ಹೋಗಿ ಮುಟ್ಟಿದೆ. ನನ್ನ ಕೈಯನ್ನೇ ನಂಬದೆ ಬಿಸಿನೀರಿನಲ್ಲಿ ಅದ್ದಿ ಬಂದು ಮುಟ್ಟಿದೆ. ಪೂಜೆಗೆ ಕೂತೆ, ಎದ್ದೆ. ಗುರುವಿಗೆ ಕೊಟ್ಟ ಮಾತು ಒಂದು ಕಡೆ ಜಗ್ಗುತ್ತಿತ್ತು. ಬೆಚ್ಚಗಿದೆ ಎಂದಾಗ ನನ್ನನ್ನು ನೋಡಿದ ಆ ಎರಡು ಕಣ್ಣು ಇನ್ನೊಂದು ಕಡೆ. ಅದೇ ಮಾತನ್ನು ಮತ್ತೊಬ್ಬನಿಗೆ ಹೇಳಿ, ಮತ್ತೊಂದು ಬಿಳಿಯ ಬಟ್ಟೆ ಹಿಡಿದು ನಡೆಯುವುದು ನನ್ನಿಂದ ಆಗುವುದಿಲ್ಲ ಎಂದು ತಿಳಿಯಲು ನನಗೆ ಐದು ದಿನ ಬೇಕಾಯಿತು.

ಮಂಗಳವಾರ ಬೆಳಿಗ್ಗೆ ಸೇವೆ ಮುಗಿಸಿ ಬೀದಿಗಿಳಿದೆ. ಕೈಯಲ್ಲಿ ಏನೂ ಇರಲಿಲ್ಲ, ಕಾಲಿಗೆ ಮೆಟ್ಟು ಹಾಕಿದ್ದೆ. ಆದರೂ ಆ ಹೊತ್ತಿನಲ್ಲಿ ನನ್ನನ್ನು ಕಂಡವರು ಅಭ್ಯಾಸದಂತೆ ನಿಂತರು. ಕೈ ನೋಡಿದರು, ಕಾಲು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಪ್ಪೇಶ ಹೊಲಿಗೆ ಯಂತ್ರದ ಹಿಂದಿನಿಂದ ಎದ್ದು ನಿಂತ. ಅವನ ಕುತ್ತಿಗೆಯ ಟೇಪು ಜಾರಿ ಬಿತ್ತು.

"ಏನ್ ಮೇಷ್ಟ್ರೇ, ಬರಿಗೈಲಿ ಬಂದ್ರಿ?" ಎಂದು ನಗಲು ನೋಡಿದ. "ನಾನಂತೂ ಇನ್ನೂ ಇದೀನಿ. ನೋಡ್ಕೊಳ್ಳಿ ಬೇಕಾದ್ರೆ."

ಕೂತುಕೋ ಎಂದೆ. ಅವನು ಕೂತ. ನಾನು ನಿಂತೇ ಇದ್ದೆ, ಕೂತಿದ್ದರೆ ಹೇಳುತ್ತಿರಲಿಲ್ಲವೇನೋ. ಇಪ್ಪತ್ತೆರಡು ವರ್ಷದಲ್ಲಿ ಆಡದ ಮಾತಿಗೆ ನಾಲಗೆ ಹೊರಳಲಿಲ್ಲ.

"ತಿಪ್ಪೇಶ, ನಿನ್ನ ಕುಡಿಕೆ ಬೆಚ್ಚಗಿಲ್ಲ."

ಅವನ ಕಾಲು ಯಂತ್ರದ ಪೆಡಲಿನ ಮೇಲೆ ಹಾಗೇ ನಿಂತಿತ್ತು. ಅವನು ಹೆದರಿ ಕೂಗಿಯಾನು, ನನ್ನನ್ನು ಹೊರಗೆ ಹಾಕಿಯಾನು ಎಂದುಕೊಂಡಿದ್ದೆ. ಅವನು ಮುಖವನ್ನು ಅರ್ಧ ಹೊಲಿದ ಬಟ್ಟೆಯಲ್ಲಿ ಮುಚ್ಚಿಕೊಂಡ. ಅದರೊಳಗಿನಿಂದಲೇ ಮಾತು ಬಂತು.

"ಹಾಗಾದ್ರೆ ನಿಜಾನಾ ಮೇಷ್ಟ್ರೇ? ನಾನು ಏನೇನೋ ಕಲ್ಪನೆ ಮಾಡ್ಕೊಂಡಿಲ್ಲ, ಅಲ್ವಾ?"

"ನಿಜ. ನನ್ನ ಕೈಗೆ ಗೊತ್ತಾಗಿದೆ."

ಅವನು ಗುಂಡಿಗಳ ಡಬ್ಬಿಯನ್ನು ಕೆದಕಿ, ಅಡಿಯಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ಪಂಪಣ್ಣನಿಗೆ ಆದದ್ದನ್ನು ನೋಡಿಯೂ ನುಂಗುತ್ತಿದ್ದೆ, ನನ್ನದು ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಎರಡು ತಿಂಗಳಿಂದ ರಾತ್ರಿ ಕಣ್ಣು ಮುಚ್ಚಿಲ್ಲ ಎಂದೆಲ್ಲ ಹೇಳಿದ. ಹೋದ ವಾರ ತಾನೂ ಆ ದೊಡ್ಡ ಪೇಟೆಯ ಬಸ್ಸಿನ ವೇಳೆ ಕೇಳಿ ಬಂದಿದ್ದೆ ಎಂದ. ಯಾಕೆಂದು ನಾನು ಕೇಳಲಿಲ್ಲ. ಡಾಕ್ಟರ್ ಫಿಲೋಮಿನಾ ಅವರ ವಿಳಾಸದ ಚೀಟಿಯನ್ನು ಅವನ ಜೇಬಿನಲ್ಲಿಟ್ಟೆ. ನಾಳೆಯೇ ಹೋಗೋಣ, ನಾನೂ ಬರುತ್ತೇನೆ ಎಂದೆ. ಹೆಣ್ಣಿನ ಮನೆಯವರಿಗೆ ಏನು ಹೇಳಲಿ ಎಂದ. ಅದನ್ನೂ ನಾನೇ ಬಂದು ಹೇಳುತ್ತೇನೆ ಎಂದೆ. ಅವನು ಕೆಳಗೆ ಬಿದ್ದ ಟೇಪನ್ನು ಎತ್ತಿ ಕುತ್ತಿಗೆಗೆ ಹಾಕಿಕೊಂಡ. ಹೊರಗೆ ಅಂಗಡಿಯ ಮುಂದೆ ಹತ್ತಾರು ಜನ ನಿಂತಿದ್ದರು. ನನಗೆ ದಾರಿ ಬಿಟ್ಟರು.

ಮರುದಿನವೇ ಹೋಗಿಬಂದೆವು. ಅವನ ಕುಡಿಕೆ ಇನ್ನೂ ಏರಿಲ್ಲ, ಆದರೆ ಇಳಿದೂ ಇಲ್ಲ. ನಾನು ಕಟ್ಟಳೆ ಮುರಿದ ಸುದ್ದಿ ಊರೆಲ್ಲ ತಿರುಗಿದೆ. ಬರುವ ಅಮಾವಾಸ್ಯೆಗೆ ಹಿರಿಯರು ಕೂಡಿ, ಸೇವೆ ನನ್ನ ಕೈಯಲ್ಲಿರಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರಂತೆ. ತೆಗೆದರೆ ತೆಗೆಯಲಿ. ಹೊಸಿಲಾಚೆ ಬರುವವರು ಮೊದಲಿಗಿಂತ ಕಡಿಮೆಯಾಗಿದ್ದಾರೆ. ಬಂದವರು ಕೇಳುವ ಮುಂಚೆ ಒಂದು ಕ್ಷಣ ನಿಲ್ಲುತ್ತಾರೆ, ನಿಜವನ್ನೇ ಹೇಳಿಬಿಡುತ್ತೇನೆ ಎಂದು ಅವರಿಗೆ ಗೊತ್ತು.

ಏಳನೆಯ ಸಾಲಿನ ಹನ್ನೆರಡನೆಯ ಗೂಡು ಬರಿದಾಗಿದೆ. ಇವತ್ತು ಬೆಳಿಗ್ಗೆ ಅಲ್ಲಿ ಒಂದು ಹಣತೆ ಹಚ್ಚಿ ಕೈ ಮುಗಿದೆ. ಅಲ್ಲಿ ಹೇಳಿಕೊಂಡದ್ದನ್ನೇ ಇಲ್ಲಿಯೂ ಬರೆದು ನಿಲ್ಲಿಸುತ್ತೇನೆ.

ಶಿವನೇ, ನನ್ನ ಪಂಪಾಪತಿ ನಿನ್ನ ಬಾಗಿಲಿಗೆ ಬಂದಿದ್ದಾನೆ. ಕರೆಯುವ ಮುಂಚೆಯೇ ಬಂದನೆಂದು ಅವನನ್ನು ಹೊರಗೆ ನಿಲ್ಲಿಸಬೇಡ. ಅವನ ಒಂದು ಬೆರಳಿನ ಗಾತ್ರದ ಕೂದಲು ಇನ್ನೂ ಇಲ್ಲಿದೆ. ಅದು ಅವನಂತೆ ನೊಂದವರ ಕೆಲಸಕ್ಕೆ ಉಳಿದದ್ದು, ಅದಕ್ಕಾಗಿ ಅವನ ದಾರಿ ತಡೆಯಬೇಡ. ತಡೆಯಲೇಬೇಕಾದರೆ ನಾನು ಬಂದಾಗ ನನ್ನನ್ನು ತಡೆ. ಅವನು ಹೇಳಿದ್ದೆಲ್ಲ ನಿಜವಾಗಿತ್ತು ಎಂದು ಅವನಿಗೆ ಹೇಳು, ನಾನು ಹೇಳದೆ ಹೋದೆ. ಅವನಿಗೆ ನಿದ್ದೆ ಕೊಡು. ಎದ್ದ ಮೇಲೆ ಒಂದು ಹಾರ್ಮೋನಿಯಂ ಅವನ ಮುಂದಿಡು. ಅವನು ಒತ್ತಿದ ಮೊದಲ ಸ್ವರವೇ ಅವನಿಗೆ ಹಿತವಾಗಲಿ, ತಂದೆಯೇ. ಅವನು ತಣ್ಣಗಿರಲಿ.